ಹಾಲುಹಲ್ಲಿನ ಹುಳುಕು: ಬೈಗುಳ ತಾಯಿಗೊಬ್ಬಳಿಗೇ ಏಕೆ?

ಅಥಣಿ ಕಬ್ಬಿನ ಸೀಮೆ, ಸಿಹಿಗೆ ಬರವಿಲ್ಲ. ಆದರೆ ಎರಡು ವರ್ಷದ ಕೂಸಿನ ಹಲ್ಲು ಕಪ್ಪಾಗುವುದು ಬರೀ ಸಿಹಿಯಿಂದ ಎಂದರೆ ಅರ್ಧ ಮಾತು ಹೇಳಿದಂತೆ.

ಹಂಗಾಮಿನಲ್ಲಿ ತಾಯಿ ನಸುಕಿಗೇ ಕಬ್ಬು ಕಡಿಯಲು ಹೊರಟರೆ ಕೂಸು ಅಜ್ಜಿಯ ಪಾಲು, ಇಲ್ಲವೇ ಎಂಟು ವರ್ಷದ ಅಕ್ಕನ ಪಾಲು. ಅತ್ತರೆ ಸಕ್ಕರೆ ಹಾಲಿನ ಬಾಟಲಿ, ಹಾಲಿಲ್ಲದಿದ್ದರೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಬಾಟಲಿ ಬಾಯಲ್ಲಿದ್ದಂತೆಯೇ ನಿದ್ದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಕ್ಕರೆ ಹಲ್ಲಿಗೇ ಅಂಟಿ ಕೂಡುತ್ತದೆ. ಬಾಯಿಯ ಸೂಕ್ಷ್ಮಾಣುಗಳು ಅದನ್ನು ಆಮ್ಲ ಮಾಡುತ್ತವೆ. ಮೊದಲು ಕೆಡುವುದು ಮೇಲಿನ ಮುಂದಿನ ಹಲ್ಲು. ಕೆಳಗಿನವಕ್ಕೆ ನಾಲಿಗೆಯ ಆಸರೆ ಉಂಟು.

‘ಹಾಲುಹಲ್ಲು, ಬಿದ್ದು ಹೋಗ್ತಾವ ಬಿಡ್ರಿ’ ಎಂಬುದು ಮನೆಮನೆಯ ಸಮಾಧಾನ. ಬೀಳುತ್ತವೆ ಖರೆ; ಆದರೆ ದವಡೆಯ ಹಾಲುಹಲ್ಲು ಹತ್ತು-ಹನ್ನೆರಡು ವರ್ಷದ ತನಕ ಬಾಳಬೇಕು. ಕೆಟ್ಟರೆ ಅಲ್ಲಿಯವರೆಗೆ ನೋವು, ಬಾವು, ಊಟಕ್ಕೆ ರಗಳೆ.

2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಅರ್ಧಕ್ಕೂ ತುಸು ಹೆಚ್ಚು ಮಂದಿಗೆ ಹುಳುಕು ಕಂಡಿತ್ತು. ಇಷ್ಟೂ ತಾಯಂದಿರು ಬೇಜವಾಬ್ದಾರಿಯವರೇ? ಚಿಲ್ಲರೆ ಬದಲು ಚಾಕಲೇಟು ಕೊಡುವ ಅಂಗಡಿಕಾರರೂ (ಸಿಟ್ಟಾಗಬಾರದು) ಇದರಲ್ಲಿ ಪಾಲುದಾರರು. ಪೇಟೆಯಿಂದ ಅದನ್ನೇ ಕಿಸೆಯಲ್ಲಿ ತರುವ ಅಪ್ಪನನ್ನು ಮಾತ್ರ ಯಾರೂ ಕೇಳುವುದಿಲ್ಲ.

ರಾತ್ರಿ ಬಾಟಲಿಗೆ ಬರೀ ನೀರು, ಮೊದಲ ಹಲ್ಲು ಮೂಡಿದಾಗಿನಿಂದ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು. ಉಪಾಯ ದೊಡ್ಡದಲ್ಲ, ಮಾಡುವ ಕೈ ಮನೆಯಲ್ಲಿರಬೇಕು. ಉದ್ಯೋಗ ಖಾತ್ರಿ ಕೆಲಸದ ಹೆಣ್ಣುಮಕ್ಕಳ ಕೂಸುಗಳಿಗೆಂದು ರಾಜ್ಯ ಸರಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಕಬ್ಬಿನ ಗ್ಯಾಂಗಿನ ಕೂಸುಗಳಿಗೂ ಅಂಥ ಬಾಗಿಲು ತೆರೆದು, ಊಟದ ತಟ್ಟೆಯ ಪಕ್ಕ ಒಂದೊಂದು ಬ್ರಶ್ಶು ಇಡಿಸುವುದು ಪಂಚಾಯಿತಿಗೆ ಭಾರವೇನಲ್ಲ.