ಗಡಿಯ ಈಚೆ ಪಂಗಡ, ಆಚೆ ವರ್ಗ

ಕರ್ನಾಟಕದಲ್ಲಿ ಬೇಡ, ನಾಯಕ, ವಾಲ್ಮೀಕಿ ಎನಿಸಿಕೊಂಡವರೇ ರಾಯಲಸೀಮೆಯಲ್ಲಿ ಬೋಯರು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಮಗ್ಗುಲಲ್ಲಿ ಹರಿಯುವ ಉತ್ತರ ಪಿನಾಕಿನಿ ಕೆಲವೇ ಮೈಲಿ ಸಾಗಿ ಹಿಂದೂಪುರದ ಸೀಮೆ ಸೇರುತ್ತದೆ. ಎರಡೂ ಕಡೆ ಕನ್ನಡ ತೆಲುಗು ಬೆರೆತ ಮಾತು, ಹೆಣ್ಣು ಕೊಟ್ಟು ತರುವ ನಂಟು. ಆದರೆ ಗೌರಿಬಿದನೂರಿನ ನಾಯಕರು ಪರಿಶಿಷ್ಟ ಪಂಗಡದವರು, ಹಿಂದೂಪುರದ ಬೋಯರು ಆಂಧ್ರದ ಹಿಂದುಳಿದ ವರ್ಗಗಳ ‘ಎ’ ಗುಂಪಿನವರು.

ಬೇಟೆ, ಪಾಳೆಯಗಾರರ ದಂಡು, ಊರಿನ ತಳವಾರಿಕೆ ಇವರ ಹಳೆಯ ಕಸುಬುಗಳು. ಚಿತ್ರದುರ್ಗ, ಸುರಪುರಗಳನ್ನು ಆಳಿದ್ದು ಇವರೇ. 1857ರಲ್ಲಿ ಆಯುಧ ಒಪ್ಪಿಸಬೇಕೆಂದು ಬ್ರಿಟಿಷರು ಆಜ್ಞೆ ಹೊರಡಿಸಿದಾಗ ಹಲಗಲಿಯ ಬೇಡರು ತಿರುಗಿಬಿದ್ದು ಗಲ್ಲಿಗೇರಿದರು. ಸಮುದಾಯದಲ್ಲಿ ಊರುನಾಯಕರು, ಮ್ಯಾಸನಾಯಕರು ಎಂಬ ಎರಡು ಕವಲುಗಳಿವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರು ಕೋಳಿ ಮುಟ್ಟುವುದಿಲ್ಲ. ದೇವರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಅವುಗಳನ್ನು ಕಾಯಲೆಂದೇ ಕಿಲಾರಿ ಇರುತ್ತಾನೆ, ಎತ್ತು ಸತ್ತರೆ ಮಣ್ಣು ಮಾಡುತ್ತಾರೆ.

ಸಂವಿಧಾನದ 342ನೇ ವಿಧಿಯಂತೆ ಪಂಗಡಗಳ ಪಟ್ಟಿ ರಾಜ್ಯವಾರು ಇರುತ್ತದೆ. ರಾಷ್ಟ್ರಪತಿ ಒಮ್ಮೆ ಹೊರಡಿಸಿದ ಪಟ್ಟಿಯನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ. ಕರ್ನಾಟಕದ ಪಟ್ಟಿಯಲ್ಲಿ ಮೊದಲು ನಾಯ್ಕಡ, ನಾಯಕ ಮುಂತಾದ ಹೆಸರುಗಳಷ್ಟೇ ಇದ್ದವು. ನಾಯ್ಕ್, ನಾಯಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಿದ್ದು 1991ರಲ್ಲಿ. ಪರಿವಾರ, ತಳವಾರರದು ಇನ್ನೂ ತಡವಾಗಿ, 2020ರಲ್ಲಿ. 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡಗಳ ಸುಮಾರು 42 ಲಕ್ಷ ಜನರಲ್ಲಿ ಈ ಗುಂಪಿನವರೇ 32 ಲಕ್ಷಕ್ಕೂ ಹೆಚ್ಚು. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠ ಮೀಸಲಾತಿ ಹೆಚ್ಚಳಕ್ಕಾಗಿ ಹೋರಾಡಿತು; 2022ರಲ್ಲಿ ರಾಜ್ಯ ಸರ್ಕಾರ ಅದನ್ನು ಶೇ 3ರಿಂದ 7ಕ್ಕೆ ಏರಿಸಿತು.

ಆಂಧ್ರದ ಪಟ್ಟಿಯಲ್ಲಿ ವಾಲ್ಮೀಕಿ ಎಂಬ ಹೆಸರು ಕರಾವಳಿ ಜಿಲ್ಲೆಗಳ ಏಜೆನ್ಸಿ ಎಂಬ ಅನುಸೂಚಿತ ಪ್ರದೇಶಕ್ಕೆ ಮಾತ್ರ ಅನ್ವಯ. ಬೋಯರನ್ನು ಸೇರಿಸಬೇಕೆಂದು ಅಲ್ಲಿನ ವಿಧಾನಸಭೆ 2017ರಲ್ಲಿ, ಮತ್ತೆ 2023ರಲ್ಲಿ ನಿರ್ಣಯ ಮಾಡಿತು. ತಮ್ಮ ಪಾಲು ಕರಗುತ್ತದೆಂದು ಏಜೆನ್ಸಿಯ ಆದಿವಾಸಿಗಳು ವಿರೋಧಿಸಿದರು. ಅವರ ಆತಂಕ ತಳ್ಳಿಹಾಕುವಂಥದ್ದಲ್ಲ. ಆದರೆ ಅಳತೆಗೋಲೇ ಹಳೆಯದು. ಪಂಗಡಗಳನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಲ್ಲಿ ಹೊರಗಿನವರೊಡನೆ ಬೆರೆಯಲು ಅಂಜುವುದೂ ಒಂದು. ಕೋಟೆ ಕಾದು ದಂಡು ನಡೆಸಿದವರಿಗೆ ಅದನ್ನು ಹಚ್ಚಿ ನೋಡುವುದು ನ್ಯಾಯವಲ್ಲ.

ಅಮೆರಿಕದ ಉತ್ತರ ಕೆರೊಲಿನಾದ ಲಂಬೀ ಬುಡಕಟ್ಟಿನದೂ ಇಂಥದೇ ಪಾಡು. ರಾಜ್ಯ 1885ರಲ್ಲೇ ಅವರನ್ನು ಗುರುತಿಸಿತು. ಒಕ್ಕೂಟ ಸರ್ಕಾರ 1956ರ ಕಾಯ್ದೆಯಲ್ಲಿ ಹೆಸರನ್ನು ಒಪ್ಪಿಕೊಂಡು, ಇತರ ಇಂಡಿಯನ್ ಬುಡಕಟ್ಟುಗಳಿಗೆ ಸಿಗುವ ಸವಲತ್ತುಗಳನ್ನು ಅದೇ ಕಾಯ್ದೆಯಲ್ಲಿ ನಿರಾಕರಿಸಿತು. ಪೂರ್ಣ ಮಾನ್ಯತೆ ದೊರೆತದ್ದು 2025ರ ಡಿಸೆಂಬರಿನಲ್ಲಿ.

ಇಲ್ಲಿ, ಕರ್ನಾಟಕ–ಆಂಧ್ರ ಗಡಿಯ ಬಿಸಿ ಹೆಚ್ಚು ತಟ್ಟುವುದು ಮದುವೆಯಾದ ಹೆಣ್ಣುಮಕ್ಕಳಿಗೆ. ಪಂಗಡದ ಸ್ಥಾನ ಹುಟ್ಟಿನಿಂದ ಬರುವುದು, ಮದುವೆಯಿಂದಲ್ಲ. ಹಿಂದೂಪುರದಿಂದ ಗೌರಿಬಿದನೂರಿಗೆ ಬಂದ ಬೋಯರ ಸೊಸೆಗೆ ಪಂಗಡದ ಪ್ರಮಾಣಪತ್ರ ಸಿಗದು. ತಂದೆಯ ಕಡೆಯಿಂದ ಅವಳ ಮಕ್ಕಳಿಗೆ ಸಿಗುತ್ತದೆ. ಇಲ್ಲಿಂದ ಅಲ್ಲಿಗೆ ಹೋದ ನಾಯಕರ ಮಗಳ ಪ್ರಮಾಣಪತ್ರ ಆಂಧ್ರದ ಮೀಸಲಾತಿಗೆ ನಡೆಯುವುದಿಲ್ಲ. ಅವಳ ಮಕ್ಕಳು ಸಾಮಾನ್ಯವಾಗಿ ತಂದೆಯಂತೆ ‘ಎ’ ಗುಂಪಿಗೇ ಸೇರುತ್ತಾರೆ.