ಬೇಗಂಪೇಟೆಯ ಚೌರಸ್ತೆಯಲ್ಲಿ ಫಲಕಗಳ ಸಂತೆ

ರಾತ್ರಿ ಹೋಟೆಲಿನ ಬಾಗಿಲು ಹಾಕಿ, ದೋಸೆಯ ಕಾವಲಿಯ ಮುಂದೆ ದಿನವಿಡೀ ನಿಂತ ಕಾಲುಗಳನ್ನೆಳೆದುಕೊಂಡು ಕೋಣೆಗೆ ಮರಳುವ ನಮ್ಮ ಹುಡುಗನೊಬ್ಬನು ಬೇಗಂಪೇಟೆಯಲ್ಲಿ ಸರದಾರ ಪಟೇಲ್ ರಸ್ತೆಯನ್ನು ದಾಟಬೇಕಾಗಿದೆಯೆಂದು ಭಾವಿಸಿರಿ. ಅವನಿಗೆ ಉಪದೇಶದ ಕೊರತೆಯಿಲ್ಲ. ಬಲಕ್ಕೆ ತಿರುಗಬಾರದೆಂದು ಒಂದು ಫಲಕ. ಮುಂದೆ ಹೋಗಿ ಹಿಂದಿರುಗಿರೆಂದು ಮತ್ತೊಂದು. ವೇಗದ ಮಿತಿಗೊಂದು, ಗಾಡಿ ನಿಲ್ಲಿಸಬಾರದೆಂಬುದಕ್ಕೊಂದು. ಇವುಗಳ ಸಂದಿಯಲ್ಲಿ ಆಭರಣದಂಗಡಿ, ಕೋಚಿಂಗ್ ತರಗತಿಗಳ ಜಾಹೀರಾತು. ಎಣಿಸಹೊರಟರೆ ಕೈಬೆರಳುಗಳು ಮುಗಿಯುತ್ತವೆ, ಫಲಕಗಳು ಮುಗಿಯುವುದಿಲ್ಲ. ಆದರೆ ಅವನು ನಿಂತ ಮೂಲೆಯಲ್ಲಿ "ಅಪ್ಪಾ, ನೀನು ಇಲ್ಲಿ ದಾಟು" ಎಂದು ಹೇಳುವ ಒಂದು ಫಲಕವೂ ಇಲ್ಲ.

ಭಾಷೆಯ ತೊಡಕು ಬೇರೆ. ತೆಲುಗು ಲಿಪಿ ನಮ್ಮ ಲಿಪಿಗೆ ಒಡಹುಟ್ಟಿದ್ದು. ಊರಿನಿಂದ ಹೊಸದಾಗಿ ಬಂದವನು 'ಆಗುಮು' ಎಂಬುದನ್ನು ಹೇಗೋ ಕೂಡಿಸಿ ಓದಿಯಾನು. ಅದು 'ನಿಲ್ಲು' ಎಂಬ ಆಜ್ಞೆಯೆಂದು ಅವನಿಗೆ ಹೇಗೆ ಹೊಳೆಯಬೇಕು? ಏನಾಗಬೇಕೆಂದು ಯೋಚಿಸುತ್ತ ನಡುರಸ್ತೆಗೆ ಇಳಿದಾನು! ಇಂಥ ತೊಡಕನ್ನು ನಿವಾರಿಸುವುದಕ್ಕೇ ಫಲಕಗಳಿಗೆ ಆಕಾರಗಳನ್ನು ಗೊತ್ತುಮಾಡಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 67ನೆಯ ಸಂಹಿತೆಯ ಪ್ರಕಾರ ಆಜ್ಞೆಗೆ ವೃತ್ತ, ಎಚ್ಚರಿಕೆಗೆ ತ್ರಿಕೋನ, ಮಾಹಿತಿಗೆ ಆಯತ. ನಿಲ್ಲೆಂಬುದಕ್ಕೆ ಮಾತ್ರ ಎಂಟು ಮೂಲೆಯ ಕೆಂಪು ಫಲಕ. ಅಕ್ಷರ ಬಾರದವನಿಗೂ ಒಂದೇ ನೋಟಕ್ಕೆ ತಿಳಿಯಲೆಂಬ ಉದ್ದೇಶ ಉತ್ತಮವಾದುದೇ ಸರಿ. ಆದರೆ ಒಂದು ನೋಟಕ್ಕೆ ಹತ್ತು ಆಕಾರಗಳನ್ನು ತಂದು ನಿಲ್ಲಿಸಿದರೆ ಅಲ್ಲಿ ಒಂದೂ ಉಳಿಯುವುದಿಲ್ಲ.

ಫಲಕಗಳು ಇಷ್ಟು ಹೆಚ್ಚುವುದಕ್ಕೆ ಕಾರಣವೇನು? ರಸ್ತೆಯ ರಚನೆಯಲ್ಲಿ ಮಾಡಬೇಕಾದುದನ್ನು ಮಾಡದೆ, ಆ ಲೋಪವನ್ನು ತಗಡಿನ ಮೇಲೆ ಬರೆದು ಮುಚ್ಚುತ್ತಿರುವುದೇ ಕಾರಣವೆಂದು ನಮ್ಮ ಅಭಿಪ್ರಾಯ. 2008ರ ಮಾರ್ಚಿಯವರೆಗೆ ಪ್ರಯಾಣಿಕರ ವಿಮಾನಗಳು ಬೇಗಂಪೇಟೆಯಲ್ಲಿಯೇ ಇಳಿಯುತ್ತಿದ್ದವು. ಮೋಟಾರುಗಳಿಗೇ ಆ ರಸ್ತೆಯಲ್ಲಿ ಅಗ್ರಪೂಜೆ. ಆ ಬಳಿಕ ವಿಮಾನಗಳು ಶಂಷಾಬಾದಿಗೆ ಹೋದವು, ಅಗ್ರಪೂಜೆ ಮಾತ್ರ ಹೋಗಲಿಲ್ಲ. 2017ರ ನವೆಂಬರಿನಲ್ಲಿ ಮೆಟ್ರೋ ಓಡತೊಡಗಿತು. ಅದರ ಕಂಬಗಳು ರಸ್ತೆಯ ನಡುವೆಯೇ ನಿಂತವು. ನಿಲ್ದಾಣದ ಮೆಟ್ಟಿಲು ಹತ್ತಿ ಆಚೆ ಬದಿಗೆ ಇಳಿಯಬಹುದಲ್ಲವೇ ಎನ್ನುವವರಿದ್ದಾರೆ. ನಿಜ, ಹಗಲಿನಲ್ಲಿ ಇಳಿಯಬಹುದು. ಕೊನೆಯ ಗಾಡಿ ಹೋದ ಮೇಲೆ ಪಾತ್ರೆ ತೊಳೆದು ಹೊರಡುವವನಿಗೆ ಆ ಬಾಗಿಲು ಮುಚ್ಚಿರುತ್ತದೆ.

ಇನ್ನು ದೀಪದ ವಿಚಾರ. ಪಾದಚಾರಿ ಸೆಕೆಂಡಿಗೆ 1.2 ಮೀಟರು ನಡೆಯುತ್ತಾನೆಂದು ಎಂಜಿನಿಯರರು ಸಾಧಾರಣವಾಗಿ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 24 ಮೀಟರಿನ ರಸ್ತೆಗೆ 20 ಸೆಕೆಂಡು ಬೇಕು. ಮೊಣಕಾಲು ಹಿಡಿದ ಮುದುಕನಿಗೆ, ತಲೆಯ ಮೇಲೆ ತರಕಾರಿ ಮೂಟೆ ಹೊತ್ತವನಿಗೆ, ಮಗುವನ್ನೆತ್ತಿಕೊಂಡ ತಾಯಿಗೆ ಅದಕ್ಕಿಂತ ಹೆಚ್ಚು ಬೇಕು. ಆ 20 ಸೆಕೆಂಡು ದೊರೆತರೂ ಎಡಕ್ಕೆ ತಿರುಗುವ ವಾಹನಗಳಿಗೆ 'ಫ್ರೀ ಲೆಫ್ಟ್' ಎಂಬ ವರವುಂಟು, ಅವು ನಿಲ್ಲಬೇಕಾಗಿಲ್ಲ. ಅಂದಮೇಲೆ ಆ ಮೂಲೆಯಲ್ಲಿ ನಡೆಯುವವನಿಗೆ ಹಸಿರು ದೀಪವೆಂಬುದೇ ಇಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಪೊಲೀಸರ 'ರೋಪ್' ಕಾರ್ಯಾಚರಣೆಯಲ್ಲಿ ಈ ಎಡದಾರಿಗೆ ಅಡ್ಡ ನಿಂತ ವಾಹನಕ್ಕೆ ದಂಡ ಗೊತ್ತುಮಾಡಿದರು. ಅದೇ ದಾರಿಯನ್ನು ದಾಟುವ ಮನುಷ್ಯನ ಗತಿಯೇನೆಂದು ಯಾರು ಕೇಳಿದರು?

ಹಾಲೆಂಡಿನ ಎಂಜಿನಿಯರ್ ದಿವಂಗತ ಹಾನ್ಸ್ ಮೊಂಡರ್ಮನ್ ಎಂಬವರು ಡ್ರಾಖ್ಟೆನ್ ಪಟ್ಟಣದ ದಟ್ಟಣೆಯ ಚೌಕವೊಂದರಲ್ಲಿ ದೀಪಗಳನ್ನೇ ತೆಗೆಸಿ, ರಸ್ತೆಯ ರಚನೆಯಿಂದಲೇ ವಾಹನಗಳು ನಿಧಾನವಾಗುವಂತೆ ಮಾಡಿದರು. ಅದನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾವು ಹೇಳುವುದಿಲ್ಲ. ಬೇಗಂಪೇಟೆಯಲ್ಲಿ ದೀಪ ತೆಗೆದರೆ ಮರುಗಳಿಗೆಯಲ್ಲಿ ಏನಾದೀತೆಂಬುದನ್ನು ಸಿಟಿಬಸ್ಸಿನ ಬಾಗಿಲಲ್ಲಿ ಜೋತುಹೋದವರೆಲ್ಲ ಬಲ್ಲರು. ಆದರೆ ತೆಗೆಯುವುದೂ ಒಂದು ಸುಧಾರಣೆಯೆಂಬುದಕ್ಕೆ ದೂರದ ನಿದರ್ಶನವೇ ಬೇಕೆಂದಿಲ್ಲ. ಇದೇ ಬೇಗಂಪೇಟೆಯಲ್ಲಿ ಆಗಿನ ಪ್ರಗತಿ ಭವನದ ಮುಂದೆ ರಸ್ತೆಯನ್ನು ಆಕ್ರಮಿಸಿದ್ದ ಕಬ್ಬಿಣದ ಬೇಲಿಯನ್ನು 2023ರ ಡಿಸೆಂಬರ್ 7ರಂದು ಕಿತ್ತುಹಾಕಲು ಆರಂಭಿಸಿದರು. ವರ್ಷಗಟ್ಟಲೆ ಅನಿವಾರ್ಯವೆನಿಸಿದ್ದ ಬೇಲಿ ಅದು!

ಕಾನೂನಿನ ಬಲವಿಲ್ಲವೆನ್ನುವಂತೆಯೂ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 116ನೆಯ ಕಲಮಿನ ಮೇರೆಗೆ, ಸಂಚಾರ ಫಲಕವನ್ನು ಮರೆಮಾಡುವ ಜಾಹೀರಾತುಗಳನ್ನು ಪೊಲೀಸ್ ಅಧಿಕಾರಿಗಳು ತೆಗೆಸಬಹುದು. 2019ರ ತಿದ್ದುಪಡಿಯಿಂದ ಸೇರಿದ 198-ಎ ಕಲಮು ಇನ್ನೂ ಮುಂದೆ ಹೋಗಿ, ರಸ್ತೆಯ ರಚನೆಯಲ್ಲಿ ನಿಯಮ ಪಾಲಿಸದೆ ಪ್ರಾಣಹಾನಿಯೋ ಅಂಗವೈಕಲ್ಯವೋ ಉಂಟಾದರೆ, ಹೊಣೆಗಾರರಾದ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಹೆಲ್ಮೆಟ್ಟಿಲ್ಲದ ಗುಮಾಸ್ತನಿಗೆ ಮನೆಬಾಗಿಲಿಗೆ ಚಲನ್ ಬರುವುದು ಎಲ್ಲರಿಗೂ ಗೊತ್ತು. ಈ ಕಲಮು ಎಷ್ಟು ಜನರಿಗೆ ಗೊತ್ತು?

ನಮ್ಮ ಬಂಧುಗಳಲ್ಲಿ ಅರ್ಜಿ ಬರೆಯುವುದೇ ಕಸುಬಾದ ಗುಮಾಸ್ತರು ಸಾಕಷ್ಟು ಮಂದಿ ಇದ್ದಾರೆ. ತಾವು ದಿನವೂ ದಾಟುವ ಮೂಲೆ ಯಾವುದು, ಹಸಿರು ದೀಪ ಎಷ್ಟು ಸೆಕೆಂಡು ಉರಿಯುತ್ತದೆ, ಯಾವ ಫಲಕವನ್ನು ಯಾವ ಜಾಹೀರಾತು ಮರೆಮಾಡಿದೆ ಎಂಬುದನ್ನು ಒಂದು ವಾರ ಗುರುತುಹಾಕಿಕೊಂಡು, ಈ ಎರಡು ಕಲಮುಗಳನ್ನು ಉದ್ಧರಿಸಿ ನಗರಪಾಲಿಕೆಗೂ ಸಂಚಾರ ಪೊಲೀಸರಿಗೂ ಒಂದೊಂದು ಪ್ರತಿ ಸಲ್ಲಿಸಲಿ. ಹೋಟೆಲಿನ ಹುಡುಗರ ಸಹಿಯನ್ನೂ ಹಾಕಿಸಲಿ. ಆ ರಸ್ತೆಯನ್ನು ನಡುರಾತ್ರಿ ದಾಟುವವರು ಅವರೇ.