ಕಿವಿ ಹೇಳಿದ್ದೇ ಸಾಕ್ಷಿಯಲ್ಲ

1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಪ್ಯಾನ್ ಆಮ್ ಕಂಪನಿಗೆ ಬಾಂಬ್ ಬೆದರಿಕೆಯ ಫೋನ್ ಕರೆಗಳು ಬಂದವು. ಅನುಮಾನ ಸರಕು ವಿಭಾಗದ ನೌಕರನೊಬ್ಬನ ಮೇಲೆ ಹೋಯಿತು. ಅವನು ನ್ಯೂಯಾರ್ಕಿನವನು, ಟೇಪಿನ ದನಿಯೂ ಅಮೆರಿಕದ ಪೂರ್ವ ತೀರದ್ದು. ಕ್ಯಾಲಿಫೋರ್ನಿಯಾದ ಕಿವಿಗೆ ಅಷ್ಟೇ ಸಾಕಾಯಿತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಟೇಪು ಕೇಳಿದಾಗ, ಮಾತಾಡಿದವನು ಬಾಸ್ಟನ್ ಕಡೆಯವನೆಂದು ಅವರಿಗೆ ತಿಳಿಯಿತು. ಆದರೆ ಅವರಿಗೆ ತಿಳಿದರೆ ಸಾಲದು, ನ್ಯಾಯಾಧೀಶರಿಗೂ ಮನವರಿಕೆಯಾಗಬೇಕು. ಕರೆಯ ದನಿ, ಆರೋಪಿಯ ದನಿ ಎರಡನ್ನೂ ಕೋರ್ಟಿನಲ್ಲಿ ಕೇಳಿಸಿ, ಸ್ವರಗಳನ್ನು ಅಳೆದು ಬರೆದ ನಕ್ಷೆಗಳನ್ನು ಲಬೋವ್ ಮುಂದಿಟ್ಟರು. ಬಾಸ್ಟನ್ ಸೀಮೆಯವರು 'ಬಾಂಬ್', 'ಆಫ್' ಎರಡನ್ನೂ ಒಂದೇ ಸ್ವರದಲ್ಲಿ ನುಡಿಯುತ್ತಾರೆ; ನ್ಯೂಯಾರ್ಕಿನವರಲ್ಲಿ ಆ ಸ್ವರಗಳು ಬೇರೆ ಬೇರೆ. ಕರೆ ಮಾಡಿದವನಲ್ಲಿ ಅವು ಕೂಡಿಹೋಗಿದ್ದವು, ಆರೋಪಿಯಲ್ಲಿ ಕೂಡಿರಲಿಲ್ಲ. ಆರೋಪಿ ಖುಲಾಸೆಯಾದ. ಅಷ್ಟರಲ್ಲಿ ಹದಿನೈದು ತಿಂಗಳು ಜೈಲಿನಲ್ಲಿ ಕಳೆದಿದ್ದ.

ಆ ಸಾಕ್ಷ್ಯದ ಬಲ ಕಟಕಟೆಯಲ್ಲಿ ಹುಟ್ಟಿದ್ದಲ್ಲ. ಲಬೋವ್ ನ್ಯೂಯಾರ್ಕ್ ಮಾತಿನ ಅಧ್ಯಯನವನ್ನು 1966ರಲ್ಲೇ ಪುಸ್ತಕವಾಗಿ ತಂದಿದ್ದರು. ಜನಸಾಮಾನ್ಯರ ಮಾತನ್ನು ವರ್ಷಗಟ್ಟಲೆ ದಾಖಲಿಸಿದ್ದರಿಂದಲೇ ಹೋಲಿಸಿ ನೋಡಲು ಆಧಾರವಿತ್ತು.

ನಮ್ಮಲ್ಲಿ ಈಗ ಕಾನೂನಿನ ಬಾಗಿಲು ತೆರೆದಿದೆ. ಆರೋಪಿಯ ದನಿ ಮಾದರಿ ಕೊಡಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಮು ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚುಗಳ ತಜ್ಞರನ್ನು ಹೆಸರಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು 'ಇತರ ಯಾವುದೇ ಕ್ಷೇತ್ರ'ದ ತಜ್ಞರನ್ನೂ ಸೇರಿಸಿಕೊಂಡಿದೆ.

ಆದರೆ ಕನ್ನಡದ ದನಿಯೊಂದು ಕೋರ್ಟಿಗೆ ಬಂದರೆ ತಜ್ಞರು ಯಾವುದರ ಜೊತೆ ಹೋಲಿಸಬೇಕು? ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ನಂಜನಗೂಡು, ಗುಲ್ಬರ್ಗಗಳ ಕನ್ನಡದ ವಿವರಣೆಗಳನ್ನು ಪ್ರಕಟಿಸಿತ್ತು. ಬೆಲೆಬಾಳುವ ಕೆಲಸ ಅದು. ಅಲ್ಲಿಂದೀಚೆಗೆ ಎರಡು ತಲೆಮಾರು ಕಳೆದಿವೆ. ಶಾಲೆ, ಟಿವಿ, ಬೆಂಗಳೂರಿನ ದುಡಿಮೆ ಎಲ್ಲ ಸೇರಿ ಮಾತು ಬದಲಾಗಿದೆ. ಬೀದರ್ ಮತ್ತು ಧಾರವಾಡದ ಮಾತನ್ನು 'ಉತ್ತರ ಕರ್ನಾಟಕದ ಭಾಷೆ' ಎಂದು ಒಂದೇ ಗಂಟು ಕಟ್ಟುವ ಬೆಂಗಳೂರಿನ ಕಿವಿ, ಆ ಕ್ಯಾಲಿಫೋರ್ನಿಯಾದ ಕಿವಿಗಿಂತ ಬೇರೆಯಲ್ಲ. ಆ ಕಿವಿಯನ್ನು ನಂಬಿ ಯಾರನ್ನಾದರೂ ಜೈಲಿಗೆ ಕಳಿಸುವುದು ನನಗೆ ಭಯ ಹುಟ್ಟಿಸುತ್ತದೆ.

ಹೋಲಿಕೆಗೆ ಹೊಸ ಆಧಾರ ಕಟ್ಟುವುದು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ. ಪ್ರತಿ ತಾಲ್ಲೂಕಿನ ಹಿರಿಯರ, ಹರೆಯದವರ, ಹೆಣ್ಣುಮಕ್ಕಳ ಮಾತನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ, ಸ್ವರಗಳನ್ನು ಅಳೆದಿಡಬೇಕು. ಆ ಸಂಗ್ರಹ ಸರ್ಕಾರಿ ವಕೀಲರಿಗೆ ಸಿಗುವಷ್ಟೇ ಸುಲಭವಾಗಿ ಆರೋಪಿಯ ವಕೀಲರಿಗೂ ಸಿಗಬೇಕು.